ಗೆಡ್ಡೆ ಸಾಹೇಬರು

ಬೀದಿಯವರಿಗೆಲ್ಲ ಅವರು ಗೆಡ್ಡೆ ಸಾಹೇಬರು. ಹೆಂಡತಿಗೆ ಮಾತ್ರ ನಿವೃತ್ತಿಯಾಗಿ ಮನೆಗೆ ಬಂದು ಕೂತ ತಲೆನೋವು. ಚಳಿದೇಶದ ಹೂವಿನ ಗೆಡ್ಡೆ ತರಿಸಿ, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಮಲಗಿಸಿ, ಚಳಿಗಾಲ ಬಂತೆಂದು ಅವನ್ನು ನಂಬಿಸುವುದೇ ಅವರ ವಿದ್ಯೆ. ಆಮೇಲೆ ಕೈಗಂಟುವ ಜೇಡಿಮಣ್ಣಿನಲ್ಲಿ ಹೂಳುವರು. ಮೊಳಕೆ ಬಂತೇ ಎಂದು ದಿನಾ ಬೆಳಿಗ್ಗೆ ಅಗೆದು ನೋಡುವರು. ಧಾರಾಕಾರ ಮಳೆ ಸುರಿದ ಮರುದಿನವೂ ತಪ್ಪದೆ ನೀರು ಹಾಕುವರು. ಕೊಳೆತರೆ ತಪ್ಪು ಮಣ್ಣಿನದು, ಮಳೆಯದು, ಇಲ್ಲವೇ ಹೆಂಡತಿಯದು. "ಸ್ವಲ್ಪ ಮರಳು ಬೆರೆಸಿ, ನೀರು ಬಸಿದು ಹೋಗತ್ತೆ" ಎಂದು ಆಕೆ ಹೇಳಿದರೆ, "ನಿಂಗೇನು ಗೊತ್ತು, ಸುಮ್ನಿರು" ಎಂದು ಗದರುವರು. ಬೇಲಿಯಾಚೆ ಯಾರೂ ನೆಡದ ರೇನ್ ಲಿಲ್ಲಿ ಹೂಗಳು ಮಳೆ ಬಿದ್ದೊಡನೆ ಗುಂಪುಗುಂಪಾಗಿ ಅರಳಿದರೆ, ಅದು ಬರೀ ಕಳೆಯೆಂದು ಮುಖ ತಿರುಗಿಸುವರು. ಒಂದು ಮಧ್ಯಾಹ್ನ ಮಳೆ ಹೊಡೆಯುವಾಗ ಆಕೆ ಕಿಟಕಿಯಿಂದ ನೋಡಿದಳು: ಸಾಹೇಬರು ತಾವು ನೆನೆದು ತೊಪ್ಪೆಯಾಗಿ, ಒಂದೇ ಒಂದು ಹಸಿರು ಮೊಳಕೆಯ ಮೇಲೆ ಕೊಡೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದರು. "ಒಳಗೆ ಬನ್ರೀ, ಜ್ವರ ಬರತ್ತೆ!" ಎಂದು ಕೂಗಿದಳು. "ಶ್, ಮೆಲ್ಲಗೆ ಕಣೇ. ಈಗಷ್ಟೇ ಕಣ್ಣು ಬಿಟ್ಟಿದೆ" ಎಂದರು. ಮೂರು ಮಕ್ಕಳನ್ನು ಹೆತ್ತ ಆಕೆ ಗಂಡನ ಬಾಯಲ್ಲಿ ಅಷ್ಟು ಮೆತ್ತಗಿನ ದನಿ ಕೇಳಿದ್ದು ಅದೇ ಮೊದಲು.