ದಾರ ಎಳೆಯುವ ಹೊತ್ತು

ಚೌಕದಲ್ಲಿ ಕೈಕುಲುಕುತ್ತಾ ನಿಂತಿದ್ದಾರಲ್ಲ ಇಬ್ಬರು ಕಂಚಿನ ನಾಯಕರು, ಆ ಕೈಗಳು ಅವರವಲ್ಲ. ಒಂದು, ಎರಕದ ಕಾರ್ಖಾನೆಯಲ್ಲಿ ಅಚ್ಚು ತೆಗೆಯುವ ತಮ್ಮನದು. ಇನ್ನೊಂದು, ಅಲ್ಲೇ ಕಂಚು ಉಜ್ಜಿ ಹೊಳಪು ಕೊಡುವ ಅಣ್ಣನದು. ಒಂದೇ ಸೂರಿನಡಿ ದುಡಿದರೂ ಇಬ್ಬರಿಗೂ ಆರು ವರ್ಷದಿಂದ ಮಾತಿರಲಿಲ್ಲ. ಅಣ್ಣ ಕೆಲಸದ ಮೇಲೆ ಬೇರೆ ಊರಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ತಮ್ಮ ಹೇಳಿಕಳಿಸಿದ್ದು ತಡವಾಗಿ. ಅಣ್ಣ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಒಂದು ಸಲ ಬಾಯಿಬಿಟ್ಟು ಬೈದರೂ ಸಾಕೆಂದು ತಮ್ಮ ಕಾಯುತ್ತಲೇ ಇದ್ದ.

ಆ ನಾಯಕರು ಕೂತು ಮಾತಾಡಿ ಯುದ್ಧ ನಿಲ್ಲಿಸಿದ ದಿನದ ನೆನಪಿಗೆ ಪ್ರತಿಮೆ. ಶಿಲ್ಪಿ ಮೇಡಂ ಮಹಾ ಹಟಮಾರಿ. ಅಚ್ಚಿಗೆ ನಿಜವಾದ ಕೈಗಳೇ ಬೇಕೆಂದು ಪಟ್ಟು ಹಿಡಿದರು. ಇಡೀ ಕಾರ್ಖಾನೆಯವರ ಕೈ ನೋಡಿ, ಹುಡುಕಿ ಹುಡುಕಿ ಆರಿಸಿದ್ದು ಇವರಿಬ್ಬರನ್ನೇ! ಉಳಿದವರು ಮುಸಿಮುಸಿ ನಕ್ಕರು.

ಎಣ್ಣೆ ಸವರಿ, ಕುಲುಕಿದ ಕೈಗಳ ಸುತ್ತ ದಾರ ಇಟ್ಟು, ಮೇಲೆ ಪ್ಲಾಸ್ಟರ್ ಮೆತ್ತಿದರು. ಅದು ಗಟ್ಟಿ ಮೊಸರಿನ ಹದಕ್ಕೆ ಬಂದಾಗ ದಾರ ಎಳೆದು ಸೀಳಬೇಕು. ಆಮೇಲೆ ಅಚ್ಚು ಎರಡು ಹೋಳಾಗಿ ಬಿಟ್ಟುಕೊಳ್ಳುತ್ತದೆ. ಹದ ನೋಡಿ 'ಎಳಿ' ಅನ್ನುವುದು ಹಿರಿಯ, ಎಳೆಯುವುದು ಕಿರಿಯ. ಅಲ್ಲಿನ ರೂಢಿ ಅದು. ಫೋನ್ ಬಂತೆಂದು ಮೇಡಂ ಹೊರಗೆ ಹೋದರು. ತಮ್ಮ ಎಡಗೈಯಲ್ಲಿ ದಾರ ಹಿಡಿದು ಕಾದ. ಅಣ್ಣ ಗೋಡೆ ನೋಡುತ್ತಾ ಕೂತ. ಅಚ್ಚು ತೆಗೆಯುವವನಿಗೆ ಹದ ತಿಳಿಯದೇನು, ಬೇಕಾದರೆ ಅವನೇ ಎಳೆಯಲಿ ಎಂಬ ಬಿಗುಮಾನ ಅವನದು. ಅಷ್ಟರಲ್ಲಿ ಪ್ಲಾಸ್ಟರ್ ಬಿಸಿಯೇರಿ ಕಲ್ಲಾಯಿತು. ದಾರ ಒಳಗೇ ಉಳಿಯಿತು. ಕರ್ಮ!

ಮೇಡಂ ಬಂದು ತಲೆ ಚಚ್ಚಿಕೊಂಡರು. ಕೈಗೆ ಪೆಟ್ಟಾಗದಂತೆ ಉಳಿಯಿಂದ ಒಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಾಡದೆ ಕೂತಿದ್ದ ಅಣ್ಣ ಕೊನೆಗೆ ಬಾಯಿಬಿಟ್ಟ.

"ಹದ ಮೀರ್ತಿದೆ ಅಂತ ಗೊತ್ತಿದ್ದೂ ಯಾಕೋ ಸುಮ್ಮನಿದ್ದೆ?"

"ನೀನು ಹೇಳ್ತೀಯ ಅಂತ ಕಾದೆ, ಅಣ್ಣ." ತಮ್ಮ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಅಮ್ಮ ಹುಷಾರಾಗ್ತಾಳೆ ಅಂತ ಅವತ್ತೂ ಹೀಗೇ ಕಾದೆ. ತಪ್ಪಾಯ್ತು."

ಅಣ್ಣ ಕೈ ಬಿಡಿಸಿಕೊಂಡು, ತೊಳೆದು, ಮನೆಗೆ ಹೋದ.

ಮರುದಿನ ಮತ್ತೆ ಎಣ್ಣೆ, ದಾರ, ಪ್ಲಾಸ್ಟರ್. ಈ ಸಲ ಮೇಡಂ ಫೋನನ್ನು ಕಪಾಟಿಗೆ ಹಾಕಿ ಎದುರಿಗೇ ನಿಂತರು. ಅಣ್ಣ ಗೋಡೆ ನೋಡಲಿಲ್ಲ; ಬೆರಳಿನಿಂದ ಪ್ಲಾಸ್ಟರ್ ಒತ್ತಿ ಒತ್ತಿ ನೋಡುತ್ತಿದ್ದ.

"ಈಗ ಎಳಿ, ಪುಟ್ಟಾ."

ಐವತ್ತು ದಾಟಿದ ತಮ್ಮನನ್ನು ಹಾಗೆ ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅವನು ದಾರ ಎಳೆದ. ಗಟ್ಟಿಯಾದ ಅಚ್ಚು ಬಿಟ್ಟುಕೊಂಡ ಮೇಲೂ ಅಣ್ಣ ಕೈ ಬಿಡಲಿಲ್ಲ.