ಒಲೆ ಬೇರೆ ಮಾಡುತ್ತಿದ್ದ ಜುಂಜಣ್ಣ
ಫ್ಲಾಪಿಗಳು ಟಿಫಿನ್ ಡಬ್ಬಿಯೊಳಗೆ ಕೂತು ಬಸ್ಸು ಹತ್ತುತ್ತಿದ್ದ ಕಾಲದಲ್ಲಿ, ಹೊಳಲ್ಕೆರೆಯ ಒಂದು ಮಹಡಿಯ ಮೇಲೆ ಜುಂಜಣ್ಣನವರ ಕಂಪ್ಯೂಟರ್ ಸೆಂಟರ್ ಇತ್ತು. ನಾನು ಅಲ್ಲಿ ಕೆಲಸಕ್ಕಿದ್ದೆ. ಸುತ್ತಲಿನ ಶಾಲೆಗಳಿಗೆ ಅಂಕಪಟ್ಟಿಯ ಪ್ರೋಗ್ರಾಂ ಬರೆದುಕೊಡುತ್ತಿದ್ದ ಅವರು ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು, ಅವರ ಪರದೆ ಯಾರಿಗೂ ಕಾಣುತ್ತಿರಲಿಲ್ಲ. ಮೊದಲು ಲೆಕ್ಕ ಹಾಕುವ ಸೂತ್ರಗಳನ್ನೆಲ್ಲ ಇಟ್ಟ ಲೈಬ್ರರಿ ಫೋಲ್ಡರ್ ಎಲ್ಲ ಶಾಲೆಗೂ ಒಂದೇ ಇತ್ತಂತೆ. ಭರಮಸಾಗರದವರಿಗಾಗಿ ಅದರಲ್ಲಿ ಏನೋ ತಿದ್ದಿದ್ದಕ್ಕೆ ಹೊಸದುರ್ಗದಲ್ಲಿ ಒಂದು ತರಗತಿಗೆ ತರಗತಿಯೇ ಫೇಲಾಯಿತಂತೆ. ಅಂದಿನಿಂದ ಶಾಲೆಗೊಂದು ಫೋಲ್ಡರ್, ಅದರೊಳಗೆ ವರ್ಷಕ್ಕೊಂದು. “ಕೂಡಿದ್ರೆ ಜಗಳ ಕಣಪ್ಪ, ಒಲೆ ಬೇರೆ ಮಾಡ್ಬಿಡು” ಎನ್ನುವರು. ಹಳೆಯದನ್ನು ಅಳಿಸೋಣವೇ ಎಂದರೆ, ಮನೆಯ ಹಿರಿಯರನ್ನು ಆಚೆ ಹಾಕು ಅಂದವನನ್ನು ನೋಡಿದಂತೆ ನೋಡುವರು. ಡಿಸ್ಕ್ ತುಂಬಿದರೆ ಅಳಿಯುತ್ತಿದ್ದುದು ನಾನು ಆಸೆಪಟ್ಟು ತುಂಬಿಸಿದ್ದ ಹಾಡುಗಳೇ ಹೊರತು ತೊಂಬತ್ತೆಂಟರ ಆವೃತ್ತಿಯಲ್ಲ. ಒಂದು ಫೋಲ್ಡರಿಗೆ ಮಾತ್ರ ಶಾಲೆಯ ಹೆಸರಿರಲಿಲ್ಲ, ‘ಶಾಂತಕ್ಕ’ ಎಂದಿತ್ತು. ಹೊಸದುರ್ಗದ ಶಾಲೆಯ ಗುಮಾಸ್ತೆ ಶಾಂತಕ್ಕ ಕಣ್ಣು ಮಂಜಾಗಿ ಕೆಲಸ ಬಿಡಲು ಹೊರಟಾಗ, ಪ್ರೋಗ್ರಾಂಗೆ ಜೋಡಿಸಿದರೆ ಅಕ್ಷರ ದೊಡ್ಡದಾಗಿಸುವ ಪ್ಲಗಿನ್ ಒಂದನ್ನು ಜುಂಜಣ್ಣ ಆಕೆಗೆಂದೇ ಬರೆದಿದ್ದರು. ಆಕೆ ನಿವೃತ್ತರಾಗಿ ಮೂರು ವರ್ಷವಾದರೂ ಪ್ರತಿ ಹೊಸ ಆವೃತ್ತಿಗೆ ಅದನ್ನು ಹೊಂದಿಸುತ್ತಲೇ ಇದ್ದರು. “ಇನ್ಯಾರಿಗೆ ಸಾರ್ ಅದು?” ಎಂದು ಒಂದು ದಿನ ಕೇಳಿಯೇಬಿಟ್ಟೆ. ಜುಂಜಣ್ಣ ಮಾನಿಟರನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. ಪರದೆಯ ತುಂಬ ಬೆರಳುದ್ದದ ಅಕ್ಷರಗಳಿದ್ದವು.