ಚಂದ್ರಿಕೆಯ ಮೇಲೆ ಗಾಲಿಯ ಸಂಸಾರ

ಬಿಚ್ಚುವ ಕೆಲಸದಲ್ಲಿ ನನಗೆ ಮೊದಲಿನಿಂದಲೂ ಒಂದು ಸುಖವಿದೆ. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದು ಅಂಟಿಕೊಂಡ ಚಾಳಿ ಇರಬೇಕು. ಪದಗಳನ್ನು ಬಿಡಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ; ಬಿಡಿಸಿದ ಪದ ಮತ್ತೆ ಎದ್ದು ನಡೆದಾಡುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಮನೆಯ ಗಡಿಯಾರ, ಮಿಕ್ಸಿ, ನಲ್ಲಿ ಎಲ್ಲವನ್ನೂ ನಾನೇ ಬಿಚ್ಚಿದ್ದೇನೆ. ಜೋಡಿಸಿದವರು ಬೇರೆಯವರು ಎಂಬುದನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಇಂಥ ನಾನು ಹೋದ ತಿಂಗಳು ಕೈಲಾಂಚದ ಕಡೆ ಅಕ್ಕನ ತೋಟದಲ್ಲಿ ನನ್ನ ಹಳೆಯ ಪಿಕಪ್ಪಿನ ಮುಂದಿನ ಗಾಲಿಗೆ ಕೈ ಹಾಕಿದೆ. ಅದು ನಾಲ್ಕು ಗಾಲಿಯೂ ಎಳೆಯುವ ಫೋರ್ ವೀಲ್ ಡ್ರೈವ್ ಗಾಡಿ. ಅಕ್ಕನ ತೋಟಕ್ಕೂ ರಸ್ತೆಗೂ ನಡುವೆ ಬಂಡೆಗಲ್ಲಿನ ಹಳ್ಳವಿದೆ. ಬೇರೆ ಗಾಡಿಯವರು ಅದನ್ನು ನೋಡಿಯೇ ಹಿಂದಕ್ಕೆ ತಿರುಗುತ್ತಾರೆ. ಹಾಗಾಗಿ ಪ್ರತಿ ಬೆಳೆಗೂ ಅಕ್ಕನ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಮುಟ್ಟಿಸುವುದು ನನ್ನ ಪಾಲಿನ ಸೇವೆ. ಈ ಸಲ ಬರುವಾಗ ಎಡಗಡೆಯ ಮುಂದಿನ ಗಾಲಿ ಗೊರಗೊರ ಎನ್ನುತ್ತಿತ್ತು. ಮಾರನೆಯ ಬೆಳಿಗ್ಗೆ ಗೂಡು ಹೋಗಲೇಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಡುತ್ತದೆ, ತೂತಾದ ಗೂಡನ್ನು ಯಾರೂ ಕೇಳುವುದಿಲ್ಲ. ಅಕ್ಕ ನಿದ್ದೆಗೆಟ್ಟು ದುಡಿದ ಒಂದು ಬೆಳೆ ಪೂರ್ತಿ ನನ್ನ ಒಂದು ಗಾಲಿಯ ಮೇಲೆ ಕೂತಿತ್ತು.

ಅಪ್ಪನ ಎತ್ತಿನ ಗಾಡಿಯಲ್ಲಿ ಕಡಾಣಿ ಕಿತ್ತರೆ ಗಾಲಿ ಕೈಗೆ ಬರುತ್ತಿತ್ತು. ಒಂದಿಷ್ಟು ಕೀಲೆಣ್ಣೆ ಬಿಟ್ಟು ಮತ್ತೆ ತಳ್ಳಿದರೆ ಮುಗಿಯಿತು. ಚಕ್ರ ಕಂಡುಹಿಡಿದವನನ್ನು ಲೋಕವೆಲ್ಲ ಹೊಗಳುತ್ತದೆ. ಅದು ಕಳಚಿ ಬೀಳದ ಹಾಗೆ ಕಡಾಣಿ ಇಟ್ಟವನನ್ನು ಯಾರೂ ನೆನೆಯುವುದಿಲ್ಲ. ಈಗಿನ ಗಾಲಿಯ ನಡುವೆ, ಹಬ್ ಎಂಬ ಕಬ್ಬಿಣದ ಗುಂಬದಲ್ಲಿ, ಕಡಾಣಿಯ ಬದಲು ಒಂದು ಸಂಸಾರವೇ ಇದೆ. ಮುಚ್ಚಳ, ಅದರ ಹಿಂದೆ ಹಲ್ಲಿನ ಬಿಲ್ಲೆ, ಹೊರಗಿನ ನಟ್ಟು, ನಟ್ಟು ಸಡಿಲವಾಗದಂತೆ ಕಿವಿ ಮಡಿಸಿ ಹಿಡಿಯುವ ವಾಷರ್, ಒಳಗಿನ ನಟ್ಟು, ಬೇರಿಂಗ್. ಸರದಿ ತಪ್ಪಿದರೆ ಕೆಲಸ ಕೆಟ್ಟಿತು.

ಆಗ ಹೊಳೆದದ್ದು ಚಂದ್ರಿಕೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು; ಹೊರ ಅಂಚಿನಿಂದ ನಡುಮಧ್ಯದವರೆಗೆ ಸುತ್ತಿಕೊಂಡು ಹೋಗುವ ಒಂದೇ ಓಣಿ ಅದರಲ್ಲಿ. ಖಾಲಿಯಾದ ಒಂದನ್ನು ನೆಲದ ಮೇಲೆ ಮಲಗಿಸಿ, ಬಿಚ್ಚಿದ್ದನ್ನೆಲ್ಲ ಸರದಿಯಂತೆ ಆ ಓಣಿಯಲ್ಲಿ ಇಡುತ್ತ ಹೋದೆ. ನನ್ನ ಬುದ್ಧಿಗೆ ನಾನೇ ತಲೆದೂಗಿ, ಕೈ ತೊಳೆದು ಮುದ್ದೆ ಉಣ್ಣಲು ಒಳಗೆ ಹೋದೆ.

ಉಂಡು ಬಂದು ನೋಡಿದರೆ ಚಂದ್ರಿಕೆ ಚೊಕ್ಕಟವಾಗಿ ಬಿಸಿಲಿಗೆ ಒರಗಿತ್ತು. ಅಕ್ಕನ ಕೈಗೆ ಇಷ್ಟು ವರ್ಷದಿಂದ ಒಂದೇ ಪಾಠ: ಚಂದ್ರಿಕೆಯ ಮೇಲೆ ಏನಿದ್ದರೂ ಬಿಡಿಸಬೇಕು, ವಿಂಗಡಿಸಬೇಕು. ಹಳೆ ಸೀರೆಯ ತುಂಡಿನಲ್ಲಿ ಗ್ರೀಸನ್ನೆಲ್ಲ ಒರೆಸಿ, ಗೂಡನ್ನು ವಿಂಗಡಿಸುವ ಹಾಗೆಯೇ ಮೂರು ಮಂಕರಿ ಮಾಡಿದ್ದಳು. ಒಳ್ಳೆಯದೆಲ್ಲ ಒಂದರಲ್ಲಿ. ಒಂದೇ ಮುಖದ ಎರಡು ನಟ್ಟು, ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡಿನ ಲೆಕ್ಕದಲ್ಲಿ, ಇನ್ನೊಂದರಲ್ಲಿ. ಮೂರನೆಯದು ಕಲೆ ಗೂಡಿನದು, ಅದರಲ್ಲಿ ಆ ವಾಷರ್ ಒಂದೇ ಬಿದ್ದಿತ್ತು.

ನಾನು ಕೂಗಾಡಿದೆ. ನಿನಗೆ ತಲೆ ಇದೆಯಾ ಎಂದೂ ಅಂದುಬಿಟ್ಟೆ. ಅವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳಿಗೆ, ಅರವತ್ತು ದಾಟಿದ ಮೇಲೆ ನಾನು ಅಂದ ಮಾತು ಇದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಕ್ಕ ತಿರುಗಿ ಬಯ್ಯಲಿಲ್ಲ. ಆ ವಾಷರನ್ನು ಎತ್ತಿ ನನ್ನ ಮುಂದೆ ಹಿಡಿದಳು.

"ಬಯ್ದಿದ್ದಾದ್ಮೇಲೆ ಇದ್ನ ಒಸಿ ನೋಡು. ಕಿವಿ ಮುರ್ದೋಗೈತೆ."

ಮುರಿದಿತ್ತು. ಕನ್ನಡಕ ಹಾಕಿಕೊಂಡು ಬಿಚ್ಚಿದ ನನಗೆ ಅದು ಕಂಡಿರಲಿಲ್ಲ. ಅದನ್ನೇ ಮತ್ತೆ ಹಾಕಿದ್ದರೆ ನಟ್ಟು ಸಡಿಲವಾಗಿ ಗಾಲಿಯೂ ಗೂಡೂ ನಾವಿಬ್ಬರೂ ಹಳ್ಳದಲ್ಲಿರುತ್ತಿದ್ದೆವು. ರಾಶಿ ಗೂಡಿನಲ್ಲಿ ಒಂದು ಕಲೆಯನ್ನು ಹೆಕ್ಕುವ ಕಣ್ಣು ಅವಳದು.

ಅಕ್ಕನ ಮೊಪೆಡ್ ಹತ್ತಿ ರಾಮನಗರಕ್ಕೆ ಓಡಿದೆ. ಮೆಕ್ಯಾನಿಕ್ ಪುಟ್ಟಸ್ವಾಮಿ ಹೊಸ ವಾಷರ್ ಕೊಟ್ಟು, ಇಷ್ಟು ಸಣ್ಣ ಮುರುಕು ಹೇಗೆ ಕಂಡಿತು ಎಂದು ಮೆಚ್ಚಿಕೊಂಡ. ಮನೆಯಲ್ಲೇ ಗೊತ್ತಾಯಿತು ಎಂದೆ. ಸುಳ್ಳೇನಲ್ಲ, ಅಕ್ಕನ ಹೆಸರು ಹೇಳುವ ದೊಡ್ಡತನ ಮಾತ್ರ ಬರಲಿಲ್ಲ. ಹೊರಟವನನ್ನು ಅವನು ನಿಲ್ಲಿಸಿ ಹೇಳಿದ:

"ಒಳಗಡೆ ನಟ್ನ ಗಾಲಿ ತಿರುಗುಸ್ಕೊಂಡೇ ಬಿಗಿ ಮಾಡಿ ಮೇಷ್ಟ್ರೇ. ಆಮೇಲೆ ಒಸಿ ಸಡ್ಲ ಬುಡಿ. ಬಿಗಿಯಾಗೇ ಬುಟ್ರೆ ಬೇರಿಂಗು ಸುಟ್ಟೋಯ್ತದೆ."

ದಾರಿಯುದ್ದಕ್ಕೂ ಆ ಮಾತು ನನ್ನ ಹಿಂದಿನ ಸೀಟಿನಲ್ಲೇ ಕೂತಿತ್ತು. ತರಗತಿಯಲ್ಲೂ ಮನೆಯಲ್ಲೂ ನಾನು ಅದರ ಮೊದಲ ಅರ್ಧವನ್ನಷ್ಟೇ ಮಾಡಿದವನು.

ವಾಪಸು ಬಂದರೆ, ಒಂದು ಹರಿದ ಚಂದ್ರಿಕೆಯ ಮೇಲೆ ಗಾಲಿಯ ಸಂಸಾರವೆಲ್ಲ ಸರದಿಯಂತೆ ಕೂತಿದೆ. ಯಾವುದನ್ನು ಎಲ್ಲಿಂದ ಬಿಡಿಸಿದ್ದಳೋ ಅಲ್ಲಲ್ಲಿಗೇ ಇಟ್ಟಿದ್ದಳು. ವಾಷರಿನ ಜಾಗ ಮಾತ್ರ ಖಾಲಿ. ಅಕ್ಕ ಒಳಗೆ ಗೂಡು ಹೆಕ್ಕುತ್ತಿದ್ದಳು. ನಾನು ಬೇರಿಂಗಿಗೆ ಗ್ರೀಸ್ ತುಂಬಿ, ನಡುಮಧ್ಯದಿಂದ ಒಂದೊಂದಾಗಿ ಎತ್ತಿ ಹಾಕುತ್ತ ಬಂದೆ. ಬಿಗಿ ಮಾಡಿದೆ, ಒಸಿ ಸಡಿಲ ಬಿಟ್ಟೆ. ಸಂಜೆಯೊಳಗೆ ಗಾಲಿ ಸಲೀಸಾಗಿ ತಿರುಗಿತು.

ಬೆಳಿಗ್ಗೆ ಗೂಡು ಹೇರಿಕೊಂಡು ಹೊರಟೆವು. ಅಕ್ಕ ಪಕ್ಕದ ಸೀಟಿನಲ್ಲಿ ಗಾಲಿಯ ಕಡೆಗೇ ಕಿವಿಗೊಟ್ಟು ಕೂತಿದ್ದಳು. ಹಳ್ಳ ದಾಟಿ ಟಾರು ರಸ್ತೆ ಹತ್ತಿದ ಮೇಲೆ, ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಹೊರತೆಗೆದೆ. ನಿನ್ನೆ ಹಾಗೆ ಕೂಗಬಾರದಿತ್ತು, ಮುರುಕು ಕಂಡವಳು ನೀನೇ ಎಂದು ಪುಟ್ಟಸ್ವಾಮಿಗೂ ಹೇಳುತ್ತೇನೆ ಎಂದು ಶುರುಮಾಡಿದೆ. ಮೇಷ್ಟ್ರ ಕ್ಷಮಾಪಣೆ ನೋಡಿ, ಇನ್ನೂ ಪೀಠಿಕೆಯಲ್ಲೇ ಇತ್ತು. ಅಕ್ಕ ಕಿಟಕಿಯಾಚೆ ನೋಡುತ್ತಲೇ ನನ್ನ ಭುಜವನ್ನೊಮ್ಮೆ ತಟ್ಟಿದಳು.

"ಗಾಲಿ ಸದ್ದು ನಿಂತೈತಲ್ಲ. ನೀನೂ ಸದ್ದಿಲ್ದೆ ಓಡ್ಸು."